ತತ್ತಿಯೊಳಗಿನ ರಕ್ತನಾಳ: ವಿಇಜಿಎಫ್ ಗ್ರಾಹಕ-2 ಅನ್ನು ಕ್ಯಾಮ್ ಪ್ರಯೋಗದಲ್ಲಿ ಪರೀಕ್ಷಿಸುವ ಬಗೆ

ಭ್ರೂಣ ಬೆಳೆಯುತ್ತಿರುವ ತತ್ತಿಯೊಳಗಿನ ಪೊರೆಯ ಮೇಲೆ ಔಷಧ ಇಟ್ಟು, ರಕ್ತನಾಳ ಬೆಳೆಯುತ್ತದೆಯೋ ಇಲ್ಲವೋ ನೋಡುವುದೇ ಕ್ಯಾಮ್ ಪ್ರಯೋಗ. ಕಿರಾಣಿ ಅಂಗಡಿಯ ಬಿಳಿ ತತ್ತಿಯಿಂದ ಈ ಪ್ರಯೋಗ ಆಗುವುದಿಲ್ಲ. ಲೇಯರ್ ಫಾರ್ಮಿನ ಪಂಜರದಲ್ಲಿ ಹುಂಜವೇ ಇರುವುದಿಲ್ಲ. ಅಲ್ಲಿನ ತತ್ತಿಯನ್ನು ಇನ್‌ಕ್ಯುಬೇಟರಿನಲ್ಲಿ ಎಷ್ಟು ದಿನ ಇಟ್ಟರೂ ಅದು ಕೊಳೆಯುತ್ತದೆಯೇ ಹೊರತು ಭ್ರೂಣ ಬೆಳೆಯುವುದಿಲ್ಲ. ಮೊದಲ ಸಲ ಕ್ಯಾಮ್ ಮಾಡುವವರು ಒಂದು ವಾರ ಕಳೆದುಕೊಳ್ಳುವುದು ಬಹಳ ಸಲ ಇಲ್ಲಿಯೇ. ಫಲಿತ ತತ್ತಿ ಬೇಕೆಂದರೆ ಮರಿ ಮಾಡುವ ಹ್ಯಾಚರಿಯವರನ್ನು ಕೇಳಬೇಕು, ಇಲ್ಲವೇ ಹುಂಜದೊಂದಿಗೆ ಹಿತ್ತಲಲ್ಲಿ ಮೇಯುವ ಜವಾರಿ ಕೋಳಿಯ ತತ್ತಿ ಹುಡುಕಬೇಕು.

ಕ್ಯಾಮ್ ಎಂದರೆ ಕೋರಿಯೋಅಲಾಂಟೋಯಿಕ್ ಪೊರೆ. ಮರಿಗೆ ಶ್ವಾಸಕೋಶ ಕೆಲಸ ಆರಂಭಿಸುವ ಮೊದಲು ಚಿಪ್ಪಿನ ರಂಧ್ರಗಳ ಮೂಲಕ ಆಮ್ಲಜನಕ ಎಳೆದುಕೊಳ್ಳುವ ಪೊರೆ ಇದು. ತುಂಬ ರಕ್ತನಾಳಗಳಿದ್ದು ಬರಿಗಣ್ಣಿಗೇ ಕಾಣುತ್ತದೆ, ಖರ್ಚೂ ಕಡಿಮೆ. ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಯ ಸ್ನಾತಕೋತ್ತರ ವಿದ್ಯಾರ್ಥಿಗಳು ದೊಡ್ಡ ಯಂತ್ರವಿಲ್ಲದೆ ರಕ್ತನಾಳ ಬೆಳವಣಿಗೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ನಾಳ ಬೆಳೆಯಲು ಸಂದೇಶ ಕೊಡುವ ಪ್ರೋಟೀನು ವಿಇಜಿಎಫ್. ನಾಳಕೋಶದ ಮೇಲೆ ಕೂತು ಆ ಸಂದೇಶ ಹಿಡಿಯುವ ಪ್ರೋಟೀನು ವಿಇಜಿಎಫ್ ಗ್ರಾಹಕ-2, ಚಿಕ್ಕದಾಗಿ ವಿಇಜಿಎಫ್‌ಆರ್-2. ಆದರೆ ಕ್ಯಾಮ್ ತೋರಿಸುವುದು ನಾಳವನ್ನು, ಗ್ರಾಹಕವನ್ನಲ್ಲ. ನಾಳ ಕಡಿಮೆಯಾಯಿತು ಎಂಬುದಕ್ಕೂ ವಿಇಜಿಎಫ್‌ಆರ್-2 ತಡೆಯಿತು ಎಂಬುದಕ್ಕೂ ನಡುವೆ ದೊಡ್ಡ ಕಂದಕವಿದೆ. ಕೆಳಗಿನ ಗುಂಪುಗಳ ಜೋಡಣೆ, ಕೊನೆಯ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆ) ಎರಡೂ ಆ ಕಂದಕ ದಾಟುವುದಕ್ಕೇ.

ಗ್ರಾಹಕದ ಬಗ್ಗೆ ಬೇಕಾದಷ್ಟು

ಮನುಷ್ಯನಲ್ಲಿ ಈ ಗ್ರಾಹಕದ ಜೀನು ಕೆಡಿಆರ್, 4ನೇ ಕ್ರೋಮೋಸೋಮಿನ ಮೇಲಿದೆ. ಇಲಿಯಲ್ಲಿ ಅದರ ಹೆಸರು ಎಫ್‌ಎಲ್‌ಕೆ-1, ಕೋಳಿ ಮತ್ತು ಕ್ವೇಲ್ ಹಕ್ಕಿಯ ಹಳೆಯ ಲೇಖನಗಳಲ್ಲಿ ಕ್ವೆಕ್-1. ಹೆಸರು ಮೂರಾದರೂ ವಸ್ತು ಒಂದೇ. ಹುಡುಕುವಾಗ ಮೂರನ್ನೂ ಹಾಕಿ. ಮನುಷ್ಯನ ಪ್ರೋಟೀನು 1356 ಅಮೈನೋ ಆಮ್ಲಗಳ ಸರ. ಜೀವಕೋಶದ ಹೊರಗೆ ಇಮ್ಯುನೋಗ್ಲೋಬ್ಯುಲಿನ್ ಮಾದರಿಯ ಏಳು ಮಡಿಕೆ, ಪೊರೆ ದಾಟುವ ಒಂದೇ ಎಳೆ, ಒಳಗೆ ಎರಡು ತುಂಡಾಗಿ ಸೀಳಿದ ಟೈರೋಸಿನ್ ಕೈನೇಸ್ ಭಾಗ, ಅಂದರೆ ಟೈರೋಸಿನ್ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿಸುವ ಕಿಣ್ವ. ವಿಇಜಿಎಫ್ ಜೋಡಿಯಾಗಿರುವ ಅಣು. ಅದು ಎರಡನೇ ಮತ್ತು ಮೂರನೇ ಮಡಿಕೆಗಳನ್ನು ಹಿಡಿದು ಎರಡು ಗ್ರಾಹಕಗಳನ್ನು ಹತ್ತಿರ ತರುತ್ತದೆ. ಹತ್ತಿರ ಬಂದ ಗ್ರಾಹಕಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ. 1175ನೇ ಟೈರೋಸಿನ್‌ಗೆ ಫಾಸ್ಫೇಟ್ ಬಿದ್ದರೆ ಪಿಎಲ್‌ಸಿ-ಗಾಮಾ ಎಂಬ ಕಿಣ್ವ ಬಂದು ಕೂತು ಕೋಶ ವಿಭಜನೆಯ ಸಂದೇಶ ಮುಂದೆ ಹೋಗುತ್ತದೆ. 951ರ ಕಡೆಯಿಂದ ಹೋಗುವ ಸಂದೇಶ ಮುಖ್ಯವಾಗಿ ಕೋಶದ ಚಲನೆಗೆ.

ಇದರ ಅಣ್ಣನಂತಿರುವ ವಿಇಜಿಎಫ್‌ಆರ್-1, ವಿಇಜಿಎಫ್ ಅನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಆದರೆ ಅದರ ಕೈನೇಸ್ ಮಂದ. ಹೀಗಾಗಿ ಅದು ಬಹಳ ಸಲ ವಿಇಜಿಎಫ್ ಅನ್ನು ನುಂಗಿ ಕೂತ ಬಲೆಯಷ್ಟೇ. ನಾಳ ಬೆಳೆಸುವ ಕೆಲಸದ ಹೆಚ್ಚಿನ ಪಾಲು 2ರದ್ದೇ. ಎಫ್‌ಎಲ್‌ಕೆ-1 ಇಲ್ಲದ ಇಲಿ ಭ್ರೂಣಗಳು 8.5ರಿಂದ 9.5ನೇ ದಿನದೊಳಗೆ ರಕ್ತನಾಳವೇ ಇಲ್ಲದೆ ಸಾಯುತ್ತವೆ.

ತತ್ತಿ: ಎಷ್ಟು, ಎಂಥವು, ಯಾವಾಗ

ಆರು ಗುಂಪು (ಯಾವುವೆಂದು ದ್ರಾವಣಗಳ ಭಾಗದಲ್ಲಿದೆ), ಗುಂಪಿಗೆ ಹತ್ತು. ಎಂಟನೇ ದಿನ ಅರವತ್ತು ಜೀವಂತ ಭ್ರೂಣ ಬೇಕು. ಅದಕ್ಕೆ ತೊಂಬತ್ತು ತತ್ತಿ ತನ್ನಿ. ಕೈ ಪಳಗದವರಾದರೆ ನೂರಿಪ್ಪತ್ತು. ಬಿಳಿ ಚಿಪ್ಪಿನವು ಸಿಕ್ಕರೆ ಉತ್ತಮ. ಜವಾರಿ ಮತ್ತು ಗಿರಿರಾಜ ತತ್ತಿಗಳ ಕಂದು ಚಿಪ್ಪಿನಲ್ಲಿ ಬೆಳಕು ಹಾಯಿಸಿ ನೋಡುವಾಗ ನಾಳ ಸರಿಯಾಗಿ ಕಾಣುವುದಿಲ್ಲ. ಎಲ್ಲವೂ ಒಂದೇ ತಳಿ, ಒಂದೇ ಫಾರ್ಮು, ಸುಮಾರು ಒಂದೇ ತೂಕದವು ಇರಲಿ. ಅರ್ಧ ಜವಾರಿ, ಅರ್ಧ ಹ್ಯಾಚರಿ ಬೆರೆಸಿದರೆ ಬೆಳವಣಿಗೆಯ ವೇಗವೇ ಬೇರೆಬೇರೆಯಾಗಿ ಎಣಿಕೆ ಕೆಡುತ್ತದೆ.

ಇಟ್ಟು ಏಳು ದಿನ ಮೀರಿದ ತತ್ತಿ ಬೇಡ. ಇನ್‌ಕ್ಯುಬೇಟರಿಗೆ ಇಡುವ ತನಕ 15ರಿಂದ 18 ಡಿಗ್ರಿಯಲ್ಲಿರಬೇಕು. ನಮ್ಮ ಕಡೆ ನಿಜವಾದ ತೊಡಕು ಇದೇ. ಏಪ್ರಿಲ್-ಮೇ ಬಿಸಿಲಿನಲ್ಲಿ ಹಾವೇರಿಯಿಂದಲೋ ಗದಗಿನಿಂದಲೋ ಬಸ್ಸಿನ ಡಿಕ್ಕಿಯಲ್ಲಿ ಬಂದ ತತ್ತಿಯೊಳಗೆ ಭ್ರೂಣ ಅರ್ಧಮರ್ಧ ಬೆಳೆಯಲು ಶುರುವಿಟ್ಟುಕೊಂಡು ಅಲ್ಲೇ ನಿಂತು ಸತ್ತಿರುತ್ತದೆ. ಆಮೇಲೆ ‘ಫಲಿತವೇ ಅಲ್ಲ’ ಎಂದು ಫಾರ್ಮಿನವರ ಮೇಲೆ ತಪ್ಪು ಹೊರಿಸುತ್ತೇವೆ. ಬೇಸಿಗೆಯಲ್ಲಿ ಬೆಳಗಿನ ಜಾವ ಸಾಗಿಸಿ, ಥರ್ಮೋಕೋಲ್ ಪೆಟ್ಟಿಗೆ ಬಳಸಿ. ಐಸ್ ಬೇಡ, ತಣ್ಣೀರಿನ ಬಾಟಲಿ ಸಾಕು. ಫ್ರಿಜ್ಜಿನ 4 ಡಿಗ್ರಿಯೂ ತತ್ತಿಗೆ ಕೆಟ್ಟದ್ದೇ. ಆಯ್ಕೆ ಕೈಯಲ್ಲಿದ್ದರೆ ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ಹಿಡಿಯಿರಿ.

ಬಂದ ತತ್ತಿಯನ್ನು ದಪ್ಪ ತುದಿ ಮೇಲಾಗಿ 12 ತಾಸು ಅಲ್ಲಾಡಿಸದೆ ಇಡಿ, ದಾರಿಯ ಕುಲುಕಾಟಕ್ಕೆ ಚದುರಿದ ಗಾಳಿಗೂಡು ನೆಲೆಗೆ ಬರುತ್ತದೆ. ತೊಳೆಯಬೇಡಿ. ತಣ್ಣೀರು ತಾಗಿದರೆ ಒಳಗಿನದು ಕುಗ್ಗಿ, ಚಿಪ್ಪಿನ ರಂಧ್ರಗಳಿಂದ ಹೊಲಸನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ಶೇ. 70 ಆಲ್ಕೋಹಾಲಿನಲ್ಲಿ ಅದ್ದಿ ಹಿಂಡಿದ ಅರಳೆಯಿಂದ ಒರೆಸಿದರೆ ಸಾಕು.

ತತ್ತಿ ತರಿಸುವ ಮೊದಲೇ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ‘ತತ್ತಿ ತಾನೇ’ ಎಂದು ಬಿಟ್ಟವರಿಗೆ ಲೇಖನ ಕಳಿಸುವಾಗ ಪತ್ರಿಕೆಯವರು ಅದನ್ನೇ ಮೊದಲು ಕೇಳುತ್ತಾರೆ.

ಇನ್‌ಕ್ಯುಬೇಟರು

37.5 ಡಿಗ್ರಿ, ತೇವಾಂಶ ಶೇ. 55ರಿಂದ 65. ತೇವಾಂಶದ ಮೀಟರು ನಂಬಿಕೆಗೆ ಬಾರದಿದ್ದರೆ ಒಂದು ಸಾದಾ ಥರ್ಮಾಮೀಟರಿನ ಬುಡಕ್ಕೆ ಹತ್ತಿಯ ದೀಪದ ಬತ್ತಿ ಸುತ್ತಿ, ಅದರ ತುದಿಯನ್ನು ನೀರಿನಲ್ಲಿ ಬಿಡಿ. ಒಣ ಥರ್ಮಾಮೀಟರು 37.5 ತೋರಿಸುವಾಗ ಈ ಹಸಿ ಥರ್ಮಾಮೀಟರು 29.5ರಿಂದ 31ರೊಳಗಿದ್ದರೆ ಸರಿ. ಕಡಿಮೆಯಾದರೆ ಅಗಲ ಬಾಯಿಯ ಇನ್ನೊಂದು ತಟ್ಟೆ ನೀರಿಡಿ. ಆಳ ಎಷ್ಟಿದ್ದರೂ ಉಪಯೋಗವಿಲ್ಲ, ನೀರಿನ ಮೇಲ್ಮೈ ಅಗಲ ಮುಖ್ಯ.

ಬಡ ಇನ್‌ಕ್ಯುಬೇಟರುಗಳಿಗೆ ಕಾಯಿಸಲು ಮಾತ್ರ ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಕೋಣೆಯೇ 36 ಡಿಗ್ರಿ ಇದ್ದರೆ ಒಳಗೆ 39 ಮುಟ್ಟುವುದು ಸುಲಭ. ಭ್ರೂಣ ಸ್ವಲ್ಪ ಹೊತ್ತಿನ ತಂಪು ತಡೆದುಕೊಳ್ಳುತ್ತದೆ, ಕಾವು ಏರಿದರೆ ತಡೆಯುವುದಿಲ್ಲ. ಬೇಸಿಗೆಯಲ್ಲಿ ಕೋಣೆಗೆ ಎ.ಸಿ. ಇಲ್ಲದಿದ್ದರೆ ಪ್ರಯೋಗ ಮುಂದೂಡಿ. ಕರೆಂಟು ಹೋದರೆ ಬಾಗಿಲು ತೆರೆದು ನೋಡುವ ಚಟ ಬಿಡಿ. ಮುಚ್ಚಿಟ್ಟ ಇನ್‌ಕ್ಯುಬೇಟರು ಒಂದು ತಾಸಿನ ಕತ್ತಲನ್ನು ಆರಾಮಾಗಿ ದಾಟುತ್ತದೆ.

ಸೋಮವಾರ ಮುಂಜಾನೆ ಇಡಿ, ಅದು 0 ದಿನ. ಗುರುವಾರ ಚಿಪ್ಪಿನಲ್ಲಿ ಕಿಟಕಿ, ಮುಂದಿನ ಮಂಗಳವಾರ ಪೊರೆಯ ಮೇಲೆ ಔಷಧದ ಸ್ಪಂಜು, ಶನಿವಾರ ನಾಳಗಳ ಎಣಿಕೆ. ರವಿವಾರಕ್ಕೆ ಏನೂ ಬೀಳುವುದಿಲ್ಲ. ಮೊದಲ ಮೂರು ದಿನ ದಿನಕ್ಕೆ ಮೂರು ಸಲ ತತ್ತಿ ಹೊರಳಿಸಬೇಕು, ಇಲ್ಲದಿದ್ದರೆ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ಬುಧವಾರ ರಾತ್ರಿ ಅಡ್ಡ ಮಲಗಿಸಿ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಆಮೇಲೆ ಹೊರಳಿಸಬೇಡಿ. ಭ್ರೂಣ ತೇಲಿ ಆ ಗುರುತಿನ ಕೆಳಗೆ ಬರುತ್ತದೆ.

ಮೂರನೇ ದಿನದ ಕಿಟಕಿ

ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಮೇಲೆ ತತ್ತಿ ಹಿಡಿದು ನೋಡಿ. ಕೆಂಪು ಜೇಡರ ಬಲೆಯಂತೆ ಕಂಡರೆ ಜೀವ ಇದೆ. ಒಂದೇ ಕೆಂಪು ಉಂಗುರವಿದ್ದರೆ ಭ್ರೂಣ ಸತ್ತಿದೆ. ಏನೂ ಕಾಣದಿದ್ದರೆ ಅದು ಬರೀ ತತ್ತಿ.

ಲ್ಯಾಮಿನಾರ್ ಹುಡ್ಡಿನಲ್ಲಿ (ಸೋಸಿದ ಗಾಳಿ ಹರಿಯುವ ಕೆಲಸದ ಪೆಟ್ಟಿಗೆ) ಚೂಪು ತುದಿಗೆ ಸಣ್ಣ ರಂಧ್ರ ಮಾಡಿ, 21 ಗೇಜ್ ಸೂಜಿಯನ್ನು ಕೆಳಮುಖವಾಗಿ, ಚಿಪ್ಪಿಗೆ ಒತ್ತಿಕೊಂಡಂತೆ ತೂರಿಸಿ 2ರಿಂದ 3 ಮಿ.ಲೀ. ಲೋಳೆ ಎಳೆಯಿರಿ. ಹಳದಿ ಬಂತೆಂದರೆ ಭಂಡಾರ (ತತ್ತಿಯ ಹಳದಿ ಭಾಗ) ಒಡೆದಿದೆ, ಆ ತತ್ತಿ ಬಿಡಿ. ಲೋಳೆ ತೆಗೆಯುವುದು ಯಾಕೆ? ಒಳಗಿನ ಮಟ್ಟ ಇಳಿದು, ಮುಂದೆ ಬೆಳೆಯುವ ಪೊರೆ ಮೇಲಿನ ಚಿಪ್ಪಿಗೆ ತಾಗದಿರಲಿ ಎಂದು. ಈ ಹೆಜ್ಜೆ ಹಾರಿಸಿದರೆ ಕಿಟಕಿ ಕತ್ತರಿಸುವಾಗ ಕೆಳಗಿನ ಭ್ರೂಣದ ನಾಳಗಳೂ ಕತ್ತರಿಸಿ ಹೋಗುತ್ತವೆ. ರಂಧ್ರವನ್ನು ಟೇಪಿನಿಂದ ಮುಚ್ಚಿ.

ಈಗ ಗುರುತಿನ ಮೇಲೆ ಅಗಲವಾದ ಪಾರದರ್ಶಕ ಟೇಪು ಅಂಟಿಸಿ, ಟೇಪಿನ ಮೇಲಿನಿಂದಲೇ ಸೂಕ್ಷ್ಮ ಬಾಗು ಕತ್ತರಿಯಿಂದ 1.5 ಸೆಂ.ಮೀ. ಚೌಕ ಕತ್ತರಿಸಿ. ಟೇಪಿಲ್ಲದೆ ಕತ್ತರಿಸಿದರೆ ಚಿಪ್ಪಿನ ಪುಡಿ ಒಳಗೆ ಬೀಳುತ್ತದೆ. ಆ ಪುಡಿಯೊಂದೇ ಪೊರೆಯಲ್ಲಿ ಉರಿಯೂತ ಎಬ್ಬಿಸಿ ಹೊಸ ನಾಳ ಹುಟ್ಟಿಸಬಲ್ಲದು. ನಿಮ್ಮ ಔಷಧ ಏನೂ ಮಾಡದಿದ್ದರೂ ‘ಫಲಿತಾಂಶ’ ಕಾಣಿಸುತ್ತದೆ. ಗುಂಡಿಗೆ ಬಡಿಯುತ್ತಿದೆಯೇ ನೋಡಿ, ಹೊಸ ಟೇಪು ಹಾಕಿ ಅಂಚುಗಳನ್ನು ಬೆರಳಿನಿಂದ ಒತ್ತಿ. ಒಂದು ಮೂಲೆ ಎದ್ದಿದ್ದರೂ ಐದು ದಿನದಲ್ಲಿ ಪೊರೆ ಒಣಗಿ ಹಾಳೆಯಂತಾಗುತ್ತದೆ. ಧಾರವಾಡದ ಮಳೆಗಾಲದಲ್ಲಿ ಇದೇ ಅಂಚಿನಲ್ಲಿ ಬೂಸರು ಹಿಡಿಯುತ್ತದೆ. ದಿನಾ ಕಣ್ಣಾಡಿಸಿ, ಬೂಸರು ಕಂಡ ತತ್ತಿಯನ್ನು ತಕ್ಷಣ ಹೊರಹಾಕಿ.

ದ್ರಾವಣಗಳು

ಮನುಷ್ಯನ ವಿಇಜಿಎಫ್-165 ಕೋಳಿಯ ಗ್ರಾಹಕದ ಮೇಲೂ ಕೆಲಸ ಮಾಡುತ್ತದೆ. 10 ಮೈಕ್ರೊಗ್ರಾಂ ವಯಲನ್ನು ಶೇ. 0.1 ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನು) ಬೆರೆಸಿದ ನಿರ್ಜೀವ ಪಿಬಿಎಸ್‌ನ (ಫಾಸ್ಫೇಟ್ ಇರುವ ಉಪ್ಪುನೀರಿನ ಬಫರು) 250 ಮೈಕ್ರೊಲೀಟರಿನಲ್ಲಿ ಕರಗಿಸಿ. ಬಿಎಸ್‌ಎ ಇಲ್ಲದಿದ್ದರೆ ಇಷ್ಟು ಕಡಿಮೆ ಪ್ರೋಟೀನು ಟ್ಯೂಬಿನ ಗೋಡೆಗೇ ಅಂಟಿ ಮಾಯವಾಗುತ್ತದೆ. ಇದು ಎರಡು ಪಟ್ಟು ಗಾಢ. ಸಮ ಪ್ರಮಾಣದಲ್ಲಿ ಇನ್ನೊಂದು ದ್ರಾವಣ ಬೆರೆಸಿದಾಗ 5 ಮೈಕ್ರೊಲೀಟರಿಗೆ 100 ನ್ಯಾನೊಗ್ರಾಂ ಸಿಗುತ್ತದೆ. ಉಳಿದದ್ದನ್ನು ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ. ನಾಳ ಬೆಳೆಸುವ ಇನ್ನೊಂದು ಪ್ರೋಟೀನಾದ ಎಫ್‌ಜಿಎಫ್-2 ಅನ್ನೂ ಇದೇ ಲೆಕ್ಕದಲ್ಲಿ ತಯಾರಿಸಿ.

ಗ್ರಾಹಕದ ಕೈನೇಸ್ ತಡೆಯುವ ಔಷಧಕ್ಕೆ ಸುನಿಟಿನಿಬ್ ಮಾಲೇಟ್ ತೆಗೆದುಕೊಳ್ಳೋಣ. ಅಣುತೂಕ 532.6. 5.33 ಮಿ.ಗ್ರಾಂ ಅನ್ನು 1 ಮಿ.ಲೀ. ಡಿಎಂಎಸ್‌ಒದಲ್ಲಿ (ನೀರಿನಲ್ಲಿ ಸುಲಭವಾಗಿ ಕರಗದ್ದನ್ನು ಕರಗಿಸುವ ದ್ರವ) ಕರಗಿಸಿದರೆ 10 ಮಿಲಿಮೋಲಾರ್. ಅದರಿಂದ 2 ಮೈಕ್ರೊಲೀಟರನ್ನು 498 ಮೈಕ್ರೊಲೀಟರ್ ಪಿಬಿಎಸ್‌ಗೆ ಹಾಕಿದರೆ 40 ಮೈಕ್ರೊಮೋಲಾರ್. ವಿಇಜಿಎಫ್ ಜೊತೆ ಸಮ ಬೆರೆಸಿದಾಗ 20 ಮೈಕ್ರೊಮೋಲಾರ್, ಡಿಎಂಎಸ್‌ಒ ಶೇ. 0.2. ಇದು ಆರಂಭದ ಅಳತೆ. ಕಡಿಮೆ ಪ್ರಮಾಣ ಬೇಕಾದರೆ ಮೊದಲು ಡಿಎಂಎಸ್‌ಒದಲ್ಲೇ ತೆಳುಮಾಡಿ, ಆಮೇಲೆ ಪಿಬಿಎಸ್‌ಗೆ ಅದೇ 2 ಮೈಕ್ರೊಲೀಟರ್ ಹಾಕಿ. ಹೀಗೆ ಮಾಡಿದರೆ ಎಲ್ಲ ಗುಂಪಿಗೂ ಡಿಎಂಎಸ್‌ಒ ಒಂದೇ ಪ್ರಮಾಣದಲ್ಲಿ ಬೀಳುತ್ತದೆ. ಕರಗಿದ ಸುನಿಟಿನಿಬ್ ಬೆಳಕಿಗೆ ರೂಪ ಬದಲಿಸುತ್ತದೆ, ಟ್ಯೂಬಿಗೆ ಫಾಯಿಲ್ ಸುತ್ತಿ. ಪಿಬಿಎಸ್‌ಗೆ ಹಾಕಿದ ಮೇಲೆ ಮಬ್ಬಾದರೆ ಔಷಧ ಹೊರಬಿದ್ದಿದೆ ಎಂದರ್ಥ, ಚೆಲ್ಲಿ ಹೊಸದು ಮಾಡಿ. ಗರ್ಭಕ್ಕೆ ಅಪಾಯ ಮಾಡುವ ವಸ್ತು ಇದು. ತೂಗುವಾಗ ಮಾಸ್ಕು, ಕೈಗವಸು ಕಡ್ಡಾಯ.

ಗುಂಪುಗಳು ಹೀಗಿರಲಿ. ಒಂದು, ಬರೀ ವಾಹಕ: ಪಿಬಿಎಸ್, ಬಿಎಸ್‌ಎ, ಡಿಎಂಎಸ್‌ಒ. ಎರಡು, ವಿಇಜಿಎಫ್. ಮೂರು, ಔಷಧ ಮಾತ್ರ. ನಾಲ್ಕು, ವಿಇಜಿಎಫ್ ಮತ್ತು ಔಷಧ. ಐದು, ಎಫ್‌ಜಿಎಫ್-2. ಆರು, ಎಫ್‌ಜಿಎಫ್-2 ಮತ್ತು ಔಷಧ. ಖರ್ಚು ಉಳಿಸಲು ಐದು-ಆರನ್ನು ಬಿಡುವವರೇ ಹೆಚ್ಚು. ಆದರೆ ಪ್ರಯೋಗದ ಜೀವ ಇರುವುದು ಅಲ್ಲೇ. ಎಫ್‌ಜಿಎಫ್-2 ಬೇರೆ ಗ್ರಾಹಕದ ಮೂಲಕ ನಾಳ ಬೆಳೆಸುತ್ತದೆ. ನಾಲ್ಕನೇ ಗುಂಪಿನಲ್ಲಿ ನಾಳ ಇಳಿದು ಆರನೆಯದರಲ್ಲಿ ಅಷ್ಟು ಇಳಿಯದಿದ್ದರೆ ಔಷಧ ವಿಇಜಿಎಫ್ ದಾರಿಯನ್ನೇ ಹಿಡಿದಿದೆ ಎನ್ನಲು ಆಧಾರ ಸಿಗುತ್ತದೆ. ಎರಡೂ ಒಂದೇ ಸಮ ಇಳಿದರೆ ಔಷಧ ಕೋಶಗಳನ್ನೇ ಕೊಲ್ಲುತ್ತಿರಬಹುದು. ಆರರಲ್ಲಿ ಸ್ವಲ್ಪ ಇಳಿತ ಸಹಜ, ಏಕೆಂದರೆ ಎಫ್‌ಜಿಎಫ್-2 ತಾನೂ ಒಂದಿಷ್ಟು ವಿಇಜಿಎಫ್ ಸ್ರವಿಸುವಂತೆ ಮಾಡುತ್ತದೆ.

ಸುನಿಟಿನಿಬ್ ಪಿಡಿಜಿಎಫ್ ಗ್ರಾಹಕ, ಕಿಟ್ ಎಂಬ ಬೇರೆ ಗ್ರಾಹಕಗಳನ್ನೂ ತಡೆಯುತ್ತದೆ. ಬರೀ ವಿಇಜಿಎಫ್‌ಆರ್-2ನ್ನೇ ಗುರಿಯಾಗಿಸಬೇಕಾದರೆ ಝಡ್‌ಎಂ-323881ರಂತಹ ಹೆಚ್ಚು ಆಯ್ದು ತಡೆಯುವ ಅಣು ತರಿಸಬೇಕು, ದುಬಾರಿ. ರಾಮುಸಿರುಮ್ಯಾಬ್ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ರತಿಕಾಯ, ವಿಇಜಿಎಫ್‌ಆರ್-2ನ್ನೇ ಹಿಡಿಯುತ್ತದೆ ನಿಜ. ಆದರೆ ಅದನ್ನು ತಯಾರಿಸಿದ್ದು ಮನುಷ್ಯನ ಗ್ರಾಹಕಕ್ಕೆ. ಕೋಳಿಯದ್ದನ್ನೂ ಹಿಡಿಯುತ್ತದೆಂದು ಊಹಿಸಿ ತತ್ತಿಗೆ ಸುರಿಯಬೇಡಿ. ಸಣ್ಣ ಅಣುಗಳಿಗೆ ಈ ತೊಂದರೆ ಕಡಿಮೆ, ಅವು ಕೂರುವ, ಕೈನೇಸಿಗೆ ಫಾಸ್ಫೇಟ್ ಒದಗಿಸುವ ಎಟಿಪಿಯ ಗುಳಿ ಪ್ರಾಣಿಯಿಂದ ಪ್ರಾಣಿಗೆ ಹೆಚ್ಚು ಬದಲಾಗಿಲ್ಲ.

ಎಂಟನೇ ದಿನ: ಸ್ಪಂಜು

ಶಸ್ತ್ರಚಿಕಿತ್ಸೆಯಲ್ಲಿ, ಹಲ್ಲಿನ ದವಾಖಾನೆಯಲ್ಲಿ ರಕ್ತ ನಿಲ್ಲಿಸಲು ಬಳಸುವ ಜೆಲಟಿನ್ ಸ್ಪಂಜು ಸರ್ಜಿಕಲ್ ಅಂಗಡಿಗಳಲ್ಲಿ ನಿರ್ಜೀವ ಪೊಟ್ಟಣದಲ್ಲಿ ಸಿಗುತ್ತದೆ. ಹುಡ್ಡಿನಲ್ಲಿ ಬ್ಲೇಡಿನಿಂದ 2 ಮಿ.ಮೀ. ಘನಗಳಾಗಿ ಕತ್ತರಿಸಿ. ಒಂದರ ಗಾತ್ರ 8 ಘನ ಮಿ.ಮೀ., 5 ಮೈಕ್ರೊಲೀಟರ್ ತುಳುಕದೆ ಹಿಡಿಯುತ್ತದೆ. ದೊಡ್ಡ ನಾಳಗಳಿಂದ ದೂರ, ಎರಡು ಕವಲುಗಳ ನಡುವಿನ ಬಯಲಿನಲ್ಲಿ ಸ್ಪಂಜು ಇಟ್ಟು, ಆಮೇಲೆ ದ್ರಾವಣ ಬಿಡಿ. ಚಿಮಟ ಪೊರೆಗೆ ತಾಗಬಾರದು. ಒಂದು ಗೀರು ಸಾಕು, ಗಾಯ ಮಾಯುವ ನೆಪದಲ್ಲಿ ನಾಳಗಳು ಅಲ್ಲಿಗೇ ನುಗ್ಗುತ್ತವೆ.

ದಿನ ಎಂಟೇ ಯಾಕೆಂದರೆ, ಕ್ಯಾಮ್‌ನ ನಾಳಕೋಶಗಳು ಸುಮಾರು ಹನ್ನೊಂದನೇ ದಿನದವರೆಗೆ ಭರದಿಂದ ವಿಭಜಿಸಿ ಆಮೇಲೆ ತಟ್ಟನೆ ನಿಧಾನವಾಗುತ್ತವೆ. ಹನ್ನೊಂದಕ್ಕೆ ಶುರುಮಾಡಿದರೆ ತಡೆಯಲು ಏನೂ ಉಳಿದಿರುವುದಿಲ್ಲ.

ಎಣಿಕೆ

ಹನ್ನೆರಡನೇ ದಿನ ಕಿಟಕಿ ಅಗಲ ಮಾಡಿ, ಸ್ಟೀರಿಯೋ ಸೂಕ್ಷ್ಮದರ್ಶಕದಡಿ ಫೋಟೋ ತೆಗೆಯಿರಿ. ಹಳದಿ ಭಂಡಾರದ ಹಿನ್ನೆಲೆಯಲ್ಲಿ ಸಣ್ಣ ನಾಳ ಕಾಣದಿದ್ದರೆ ಇನ್ಸುಲಿನ್ ಸೂಜಿಯಿಂದ ಪೊರೆಯ ಕೆಳಗೆ ಬಿಳಿ ಕೊಬ್ಬಿನ ಎಮಲ್ಷನ್ ಸ್ವಲ್ಪ ಬಿಡಿ, ನಾಳಗಳು ಎದ್ದು ಕಾಣುತ್ತವೆ. ಸುನಿಟಿನಿಬ್ ಹಳದಿ-ಕೇಸರಿ ಬಣ್ಣದ್ದು. ಸ್ಪಂಜಿಗೆ ಬಣ್ಣ ಉಳಿದಿದ್ದರೆ ಎಣಿಸುವವರಿಗೆ ಗುಂಪು ಗೊತ್ತಾಗಿಬಿಡುತ್ತದೆ. ಅದಕ್ಕೇ ಫೋಟೋಗಳನ್ನು ಕಪ್ಪು-ಬಿಳುಪು ಮಾಡಿ, ಸಂಕೇತ ಸಂಖ್ಯೆ ಕೊಟ್ಟು, ಪ್ರಯೋಗ ಮಾಡದ ಇಬ್ಬರ ಕೈಯಲ್ಲಿ ಎಣಿಸಿರಿ.

ಸ್ಪಂಜಿನ ಸುತ್ತ 5 ಮಿ.ಮೀ. ವ್ಯಾಸದ ವರ್ತುಲ ಎಳೆದು, ಅದನ್ನು ದಾಟಿ ಸ್ಪಂಜಿನತ್ತ ಬರುವ ನಾಳಗಳನ್ನು ಮಾತ್ರ ಎಣಿಸಿ. ಎಂಟನೇ ದಿನವೂ ಅದೇ ಜಾಗದ ಫೋಟೋ ತೆಗೆದಿಟ್ಟಿರಬೇಕು. ಸ್ಪಂಜು ಕುಗ್ಗಿದಾಗ ಇದ್ದ ನಾಳಗಳೇ ಎಳೆದುಕೊಂಡು ಬಂಡಿಯ ಚಕ್ರದ ಕಡ್ಡಿಗಳಂತೆ ಜೋಡಣೆಯಾಗುತ್ತವೆ, ಅವನ್ನು ಹೊಸವೆಂದು ಎಣಿಸಿದರೆ ಮೋಸ ಹೋಗುತ್ತೀರಿ. ಸತ್ತ ಭ್ರೂಣದ ಎಣಿಕೆ ಸೇರಿಸಬೇಡಿ, ಆದರೆ ಯಾವ ಗುಂಪಿನಲ್ಲಿ ಎಷ್ಟು ಸತ್ತವು ಎಂಬುದನ್ನು ಬರೆಯಿರಿ. ಮೂರನೇ ಗುಂಪಿನಲ್ಲೇ ಸಾವು ಹೆಚ್ಚಾದರೆ ಔಷಧದ ಪ್ರಮಾಣ ಇಳಿಸಬೇಕು. ಲೆಕ್ಕಶಾಸ್ತ್ರದಲ್ಲಿ ಒಂದು ತತ್ತಿ ಎಂದರೆ ಒಂದು ಅಂಕಿ. ಒಂದೇ ತತ್ತಿಯ ನಾಲ್ಕು ಫೋಟೋಗಳನ್ನು ನಾಲ್ಕು ಎಂದು ಲೆಕ್ಕ ಹಾಕುವುದು ತಪ್ಪು, ಎಷ್ಟೇ ಪ್ರಬಂಧಗಳಲ್ಲಿ ಹಾಗೆ ಅಚ್ಚಾಗಿದ್ದರೂ.

ಮುಗಿದ ಮೇಲೆ ಭ್ರೂಣವನ್ನು ಸಮಿತಿ ಒಪ್ಪಿದ ವಿಧಾನದಲ್ಲೇ ಕೊನೆಗೊಳಿಸಿ. ಪೊರೆಯನ್ನು ಫ್ಯೂಮ್ ಹುಡ್ಡಿನಲ್ಲಿ ಶೇ. 4 ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ ಇಡಬಹುದು. ಉಳಿದದ್ದು ಜೈವಿಕ ತ್ಯಾಜ್ಯದ ಹಳದಿ ಚೀಲಕ್ಕೆ. ಕ್ಯಾಂಪಸ್ಸಿನ ತಿಪ್ಪೆಗೆ ಎಸೆದರೆ ನಾಯಿಗಳು ಎಳೆದಾಡುತ್ತವೆ, ಅದರಲ್ಲಿ ಔಷಧವೂ ಇರುತ್ತದೆ.

ಗಿಡಮೂಲಿಕೆ ರಸ ಪರೀಕ್ಷಿಸುವವರಿಗೆ

ಕಪ್ಪತಗುಡ್ಡದ ಗಿಡವೊಂದರ ರಸ ತೆಗೆದು, ಕಂಪ್ಯೂಟರಿನಲ್ಲಿ ವಿಇಜಿಎಫ್‌ಆರ್-2 ಜೊತೆ ಡಾಕಿಂಗ್ (ಅಣು ಗ್ರಾಹಕಕ್ಕೆ ಹೊಂದಿ ಕೂರುತ್ತದೆಯೇ ಎಂಬ ಲೆಕ್ಕ) ಮಾಡಿ, ಕ್ಯಾಮ್‌ನಲ್ಲಿ ನಾಳ ಕಡಿಮೆಯಾದದ್ದು ತೋರಿಸಿ ‘ಗ್ರಾಹಕ ತಡೆಯುತ್ತದೆ’ ಎಂದು ಬರೆಯುವ ರೂಢಿ ಇದೆ. ಮೊದಲಿಗೆ, ಕಪ್ಪತಗುಡ್ಡ ಈಗ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಎಲೆ ಕೀಳುವಂತಿಲ್ಲ. ಇನ್ನು ರಸದ ವಿಷಯ. ಅದರಲ್ಲಿ ಟ್ಯಾನಿನ್ (ಒಗರು ಕೊಡುವ ವಸ್ತು) ಇದ್ದರೆ ಟ್ಯೂಬಿನಲ್ಲೇ ವಿಇಜಿಎಫ್ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ. ಗ್ರಾಹಕದ ಬಳಿ ಹೋಗುವ ಮೊದಲೇ ಕೆಲಸ ಮುಗಿದಿರುತ್ತದೆ, ನೀವು ಅದನ್ನೇ ತಡೆ ಎಂದು ಓದುತ್ತೀರಿ. ಟ್ಯಾನಿನ್ ತೆಗೆದು ಮತ್ತೊಮ್ಮೆ ಮಾಡಿ ನೋಡಿ. ಪಿಎಚ್ 7.4ಕ್ಕೆ ತನ್ನಿ, ಲವಣಾಂಶ ಪಿಬಿಎಸ್‌ನಷ್ಟೇ ಇರಲಿ. ಹುಳಿ ಅಥವಾ ಉಪ್ಪು ಹೆಚ್ಚಾದರೆ ಪೊರೆ ಕೆರಳುತ್ತದೆ.

ಕೆರಳುವಿಕೆಯನ್ನು ಮೊದಲೇ ನೋಡುವ ಸುಲಭ ದಾರಿ ಇದೆ. ಒಂಬತ್ತನೇ ದಿನದ ಎರಡು-ಮೂರು ತತ್ತಿಯ ಪೊರೆ ಮೇಲೆ ರಸ ಹಾಕಿ 300 ಸೆಕೆಂಡು ಕಣ್ಣಿಟ್ಟು ನೋಡಿ. ರಕ್ತ ಸೋರಿತೇ, ನಾಳ ಕರಗಿತೇ, ಹೆಪ್ಪುಗಟ್ಟಿತೇ? ಮೂರರಲ್ಲಿ ಒಂದಾದರೂ ಕಂಡರೆ ಅದು ನಾಳ ಬೆಳವಣಿಗೆಯ ತಡೆ ಅಲ್ಲ, ಸುಟ್ಟ ಗಾಯ.

ಗ್ರಾಹಕದ ಸಾಕ್ಷ್ಯ

ಕ್ಯಾಮ್‌ನಿಂದ ಬಂದ ಸುಳಿವನ್ನು ಗ್ರಾಹಕದ ಮಟ್ಟಕ್ಕೆ ಒಯ್ಯಲು ಮನುಷ್ಯನ ಹೊಕ್ಕುಳಬಳ್ಳಿಯ ನಾಳಕೋಶಗಳು ಬೇಕು, ಹುವೆಕ್ ಎಂದೇ ಕರೆಯುತ್ತಾರೆ. 6ನೇ ಪ್ಯಾಸೇಜಿನ (ಕೋಶಗಳನ್ನು ಹೊಸ ತಟ್ಟೆಗೆ ಬಿಡಿಸಿ ಹಾಕಿದ ಸರದಿ) ಒಳಗಿನವನ್ನೇ ಬಳಸಿ, ಅದಕ್ಕೂ ಹಳೆಯದಾದರೆ ಗ್ರಾಹಕ ಕಡಿಮೆಯಾಗುತ್ತ ಹೋಗುತ್ತದೆ. ಕೋಶಗಳನ್ನು 4ರಿಂದ 6 ತಾಸು ಸೀರಮ್ ಇಲ್ಲದ ದ್ರಾವಣದಲ್ಲಿಡಿ, ಔಷಧ ಹಾಕಿ 1 ತಾಸು ಬಿಡಿ, ಬಳಿಕ ಮಿ.ಲೀ.ಗೆ 50 ನ್ಯಾನೊಗ್ರಾಂ ವಿಇಜಿಎಫ್, 5 ನಿಮಿಷ. ಅರ್ಧ ತಾಸು ಬಿಟ್ಟರೆ ಗ್ರಾಹಕ ಒಳಕ್ಕೆ ಸರಿದು ಫಾಸ್ಫೇಟ್ ಗುರುತು ಮಂಕಾಗಿರುತ್ತದೆ. ತಕ್ಷಣ ಐಸಿನ ಮೇಲಿಟ್ಟು, 1 ಮಿಲಿಮೋಲಾರ್ ಸೋಡಿಯಂ ಆರ್ಥೋವನಾಡೇಟ್ ಇರುವ ಬಫರಿನಲ್ಲಿ ಕೋಶ ಒಡೆಯಿರಿ. ವನಾಡೇಟ್ ಮರೆತರೆ ಕೋಶದ್ದೇ ಫಾಸ್ಫಟೇಸುಗಳು ಗುರುತನ್ನು ಅಳಿಸಿಹಾಕುತ್ತವೆ, ಬ್ಲಾಟಿನ ಎಲ್ಲ ಲೇನುಗಳೂ (ಮಾದರಿಗಳ ಸಾಲುಗಳು) ಖಾಲಿ.

ದೊಡ್ಡ ಪ್ರೋಟೀನಾದ್ದರಿಂದ ಶೇ. 6 ಅಥವಾ 7.5ರ ಜೆಲ್. ವರ್ಗಾವಣೆ ಹಸಿ ವಿಧಾನದಲ್ಲಿ, 30 ವೋಲ್ಟಿನಲ್ಲಿ ರಾತ್ರಿಯಿಡೀ, 4 ಡಿಗ್ರಿಯಲ್ಲಿ. ಬಫರಿನ ಮೆಥನಾಲನ್ನು ಶೇ. 10ಕ್ಕೆ ಇಳಿಸಿ, ಇಲ್ಲದಿದ್ದರೆ ಪ್ರೋಟೀನು ಜೆಲ್ಲಿನಲ್ಲೇ ಕೂರುತ್ತದೆ. ಒಂದು ಬ್ಲಾಟಿಗೆ ಫಾಸ್ಫೊ-1175 (1175ರಲ್ಲಿ ಫಾಸ್ಫೇಟ್ ಇದ್ದರೆ ಮಾತ್ರ ಹಿಡಿಯುವ) ಪ್ರತಿಕಾಯ, ಅದೇ ಮಾದರಿಯ ಇನ್ನೊಂದಕ್ಕೆ ಒಟ್ಟು ಗ್ರಾಹಕದ ಪ್ರತಿಕಾಯ. ಒಟ್ಟು ಗ್ರಾಹಕದ ಬ್ಲಾಟಿನಲ್ಲಿ ಎರಡು ಗೆರೆ ಕಾಣಬೇಕು: 230 ಕಿಲೋಡಾಲ್ಟನ್ ಸುಮಾರಿನದು ಸಕ್ಕರೆಯೆಲ್ಲ ಸೇರಿ ಪಕ್ವವಾಗಿ ಕೋಶದ ಮೇಲ್ಮೈಗೆ ಬಂದದ್ದು, 200ರ ಸುಮಾರಿನದು ಇನ್ನೂ ಒಳಗೆ ತಯಾರಾಗುತ್ತಿರುವುದು. ಫಾಸ್ಫೊ ಗೆರೆ ಬೀಳುವುದು 230ರಲ್ಲಿ. ಔಷಧ ಹಾಕಿದ ಲೇನಿನಲ್ಲಿ ಫಾಸ್ಫೊ ಗೆರೆ ಮಾಯವಾಗಿ ಒಟ್ಟು ಗ್ರಾಹಕದ ಎರಡೂ ಗೆರೆ ಹಾಗೇ ಉಳಿದರೆ ಕೈನೇಸ್ ನಿಂತಿದೆ. ಒಟ್ಟು ಗ್ರಾಹಕದ 230 ಕೂಡ ಸವೆದಿದ್ದರೆ ನಿಮ್ಮ ವಸ್ತು ಗ್ರಾಹಕವನ್ನು ತಡೆಯುತ್ತಿಲ್ಲ, ಕಡಿಮೆ ಮಾಡುತ್ತಿದೆ. 230 ಇಳಿದು 200 ಮಾತ್ರ ದಪ್ಪವಾಗಿದ್ದರೆ ಸಕ್ಕರೆ ಸೇರಿಸುವ ಹಂತದಲ್ಲಿ ಗ್ರಾಹಕ ಸಿಕ್ಕಿಹಾಕಿಕೊಂಡಿದೆ. ಆಗ ಡಾಕಿಂಗ್ ಚಿತ್ರವನ್ನು ಪ್ರಬಂಧದಿಂದ ತೆಗೆದುಬಿಡಿ.